ಕೋಡಿ ಇಲ್ಲದ ಕೆರೆ

ಆರ್ಕಿಟೆಕ್ಚರ್ ಕೊನೆಯ ವರ್ಷದ ಥೀಸಿಸ್‌ಗೆ ನೀರಿನ ದಂಡೆಯ ಜಾಗವೊಂದನ್ನು ಹುಡುಕಿಕೊಳ್ಳಿ ಅಂದಾಗ ನನ್ನ ಗೆಳೆಯರೆಲ್ಲ ಗೋವಾ ಬಸ್ ಹತ್ತಿದರು. ಹಾನಗಲ್ಲಿನವನಾದ ನಾನು ನಮ್ಮ ಹಾವೇರಿ ಜಿಲ್ಲೆಯ ಕೆರೆಗಳನ್ನೇ ಸುತ್ತಿದೆ. ಸವಣೂರಿನ ಮೋತಿ ತಲಾಬ್ ನೋಡಲು ಹೋದವನು ದೊಡ್ಡ ಹುಣಸೆಮರವನ್ನು ಬಾಯಿಬಿಟ್ಟು ನೋಡಿ, ಎರಡು ಪೊಟ್ಟಣ ಸವಣೂರ ಖಾರ ತಿಂದು ವಾಪಸಾದೆ. ಶಿಗ್ಗಾವಿಯಲ್ಲಿ ಇಳಿಯಲೇ ಇಲ್ಲ, ನಿದ್ದೆ ಹತ್ತಿತ್ತು. ಹಿರೇಕೆರೂರಿನ ಹೆಸರಲ್ಲೇ ಹಿರಿಯ ಕೆರೆ ಕೂತಿದೆ. ಅಲ್ಲಿಯ ದುರ್ಗಾದೇವಿ ಕೆರೆ ನನ್ನ ಹಾಳೆಯಲ್ಲಿ ಹಿಡಿಸಲಿಲ್ಲ. ಆ ಕಡೆಯ ಮದಗ-ಮಾಸೂರಿನಲ್ಲಿ ಗುಡ್ಡಗಳ ನಡುವಿನ ಕೆರೆ ತುಂಬಿ ಜಲಪಾತ ಧುಮುಕುತ್ತಿತ್ತು. ಅದರ ಮುಂದೆ ಇಪ್ಪತ್ತು ಫೋಟೊ ತೆಗೆಸಿಕೊಂಡು, ಸ್ಕೆಚ್ ಪುಸ್ತಕದಲ್ಲಿ 'ನಿಸರ್ಗದ ಲಯ' ಎಂದು ಬರೆದುಕೊಂಡೆ. ಕಡೆಗೆ ಆರಿಸಿದ್ದು ನಮ್ಮೂರ ಆನೆಕೆರೆಯನ್ನೇ. ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು ಎಂಬ ಕಾರಣವನ್ನು ವರದಿಯಲ್ಲಿ ಕಾಣಿಸಲಿಲ್ಲ.

ಇನ್ನು ಕಾನ್ಸೆಪ್ಟ್ ಬರಬೇಕಲ್ಲ! ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮೂರು ಸಂಜೆ ಏರಿಯ ಮೇಲೆ ಕೂತೆ. ಬಂದದ್ದು ಸೊಳ್ಳೆ. ಬಟ್ಟೆ ಒಗೆಯುತ್ತಿದ್ದ ಅಕ್ಕ ನನ್ನ ಟೇಪು ನೋಡಿ, "ಸಾಹೇಬ್ರ, ನಮ್ಮ ಮನಿ ಬಿಲ್ ಯಾವಾಗ ಆಗ್ತೈತ್ರಿ?" ಅಂದಳು. ನಾಲ್ಕನೇ ದಿನ ತಾರಕೇಶ್ವರ ಗುಡಿಗೆ ಹೋಗಿ ಅಂಗಾತ ಮಲಗಿದೆ. ಮೇಲೆ ಚಾಲುಕ್ಯರ ಕಾಲದ ಶಿಲ್ಪಿಗಳು ಛತ್ತಿನಲ್ಲಿ ಅರಳಿಸಿಟ್ಟ ಆ ಭಾರೀ ಕಲ್ಲಿನ ಕಮಲ. ಸಿಕ್ಕೇಬಿಟ್ಟಿತು! ಕೆಫೆ ಕಮಲವಾಯಿತು, ಮೆಟ್ಟಿಲು ದಳವಾದವು, ಶೌಚಾಲಯ ಮೊಗ್ಗಾಯಿತು.

ಮಾಡೆಲ್ ಮಾಡಲು ನಾಲ್ಕು ರಾತ್ರಿ ಹಿಡಿಯಿತು. ಸ್ಪಂಜಿನ ಮರ, ಮೌಂಟ್ ಬೋರ್ಡಿನ ಏರಿ, ತಳಕ್ಕೆ ನೀಲಿ ಹಾಳೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಪಟಗ ಸುತ್ತಿದ ಅಜ್ಜ. ಬಂಕಾಪುರ ದಾಟಿ ಅಜ್ಜ ನೀರು ಕುಡಿಯಲೆಂದು ಬಾಟಲಿ ಎತ್ತಿದ್ದಕ್ಕೂ ಡ್ರೈವರ್ ರೋಡ್ ಹಂಪ್ ಹಾರಿಸಿದ್ದಕ್ಕೂ ಸರಿಹೋಯಿತು. ಅರ್ಧ ಬಾಟಲಿ ನೀರು ನನ್ನ ಆನೆಕೆರೆಗೆ ಬಿತ್ತು.

ಒಂದು ಕ್ಷಣ, ಸುಳ್ಳೇಕೆ, ಭಾಳ ಚೆಂದ ಕಂಡಿತು. ಕೆರೆ ತುಂಬಿತ್ತು! ಕಿಟಕಿಯ ಬಿಸಿಲು ಅದರಲ್ಲಿ ಥಳಥಳಿಸಿತು. ಆಮೇಲೆ ನೀರು ಏರತೊಡಗಿತು. ನಾನು ಏರಿಯನ್ನು ನಾಲ್ಕೂ ಕಡೆ ಅಚ್ಚುಕಟ್ಟಾಗಿ ಸುತ್ತಿಸಿ, ಸಂದಿಗೆಲ್ಲ ಫೆವಿಕಾಲ್ ಮೆತ್ತಿದ್ದೆ. ಬಸ್ಸು ಎಡಕ್ಕೆ ವಾಲಿದರೆ ನೀರು ಎಡದ ಮೆಟ್ಟಿಲು ನುಂಗಿತು; ಬಲಕ್ಕೆ ವಾಲಿದರೆ ಕೆಫೆಯೊಳಗೆ ನುಗ್ಗಿತು. ಅಲ್ಲಿ ಕಾಫಿ ಕುಡಿಯುತ್ತಿದ್ದ ಕಾಗದದ ದಂಪತಿಗಳು ಎದ್ದು, ಕುರ್ಚಿ ಸಮೇತ ತೇಲುತ್ತ ಶೌಚಾಲಯದ ಕಡೆ ಹೊರಟರು. ಮರಗಳು ನೀರು ಹೀರಿ ಬಸುರಾದವು. ಹಸಿರು ಶಾಯಿ ಬಿಟ್ಟು ಕೆರೆಗೆ ನಿಜವಾದ ಪಾಚಿಯ ಬಣ್ಣ ಬಂತು. ಇಷ್ಟು ವಾಸ್ತವ ನನ್ನ ಯಾವ ಡ್ರಾಯಿಂಗಿನಲ್ಲೂ ಇರಲಿಲ್ಲ.

ಅಜ್ಜ ಕ್ಷಮೆ ಕೇಳುತ್ತಾನೆಂದು ನಾನು ಮುಖ ಗಂಟಿಕ್ಕಿ ಕಾದೆ. ಆತ ಬಗ್ಗಿ, ಬೆರಳಿನಿಂದ ಏರಿಯ ಸುತ್ತ ತಡವಿ ಕೇಳಿದ್ದು ಒಂದೇ ಮಾತು: "ತಮ್ಮಾ, ಇದಕ್ಕ ಕೋಡಿ ಎಲ್ಲೈತಿ?"

ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿಯೇ ಇರಲಿಲ್ಲ. ಗದ್ದೆಗೆ ನೀರು ಬಿಡುವ ತೂಬೂ ಇರಲಿಲ್ಲ. ಹದಿನಾರು ಹಾಳೆ ನಕ್ಷೆಯಲ್ಲಿ ಸೆಲ್ಫಿ ಪಾಯಿಂಟ್ ಎರಡು ಕಡೆ ಇತ್ತು. "ಹಂಗಾರ ಮಳಿ ಬಂದ್ರ ಏರಿ ಒಡದ ಹೊಕ್ಕೈತಿ, ಕೆಳಗಿನ ಭತ್ತ ಯಾರದು?" ಅಂದ ಅಜ್ಜ. ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಆತನೇ ಕಿರುಬೆರಳಿನಿಂದ ಬೋರ್ಡಿನ ಒಂದು ಮೂಲೆ ಚಿವುಟಿ, ನೀರನ್ನು ಕಿಟಕಿಯಾಚೆ ಹರಿಯಬಿಟ್ಟು ಇಳಿದುಹೋದ. ಮದಗ-ಮಾಸೂರಿನಲ್ಲಿ ನಾನು ಇಪ್ಪತ್ತು ಫೋಟೊ ತೆಗೆಸಿಕೊಂಡದ್ದು ಯಾವುದರ ಮುಂದೆ ಎಂದು ಹೊಳೆದದ್ದು ಆಗ. ನಿಸರ್ಗದ ಲಯವಂತೆ! ಅದು ಕೆರೆಯ ಕೋಡಿ.

ಜ್ಯೂರಿಯವರು ಉಬ್ಬಿ ಸೊಟ್ಟಗಾದ ಮಾಡೆಲನ್ನು ಎಲ್ಲ ಕೋನದಿಂದ ನೋಡಿದರು. ಒಬ್ಬರು ನೆಲದ ಏರಿಳಿತ ತುಂಬ ಸಂವೇದನಾಶೀಲವಾಗಿದೆ ಎಂದರು. ಕಮಲದ ಬಗ್ಗೆ ಅರ್ಧ ಗಂಟೆ ಚರ್ಚೆಯಾಯಿತು. ಅಜ್ಜ ಚಿವುಟಿದ ಮೂಲೆ ತೋರಿಸಿ, "ಇದೇನು?" ಎಂದರು. "ಕೋಡಿ, ಸರ್" ಎಂದೆ. "ಅಂದರೆ?" ಎಂದರು. ಒಳ್ಳೆಯ ಅಂಕವೇ ಬಂತು. ಅದೇ ನನಗೆ ಹೆದರಿಕೆ.

ನಿಮ್ಮೂರ ಕೆರೆಯ ದಂಡೆಗೆ ಯಾರಾದರೂ ನಕ್ಷೆಯ ಸುರುಳಿ ಹಿಡಿದು ಬಂದರೆ ಚಹಾ ಕೊಡುವ ಮೊದಲು ಕೋಡಿ ಎಲ್ಲಿ ಎಂದು ಕೇಳಿ. ನಾನೇ ಬಂದರೂ ಕೇಳಿ.