ಮೇಷ್ಟ್ರಿಗೆ ಮೈನಸ್ ಒಂದು

ಇಪ್ಪತ್ತೈದು ವರ್ಷದಿಂದ ಪಾಠ ಹೇಳುತ್ತ, ಕಿರಾಣಿ ಅಂಗಡಿಯಲ್ಲಿ ಉದ್ರಿ ಕೂಡ ಬರೆಸದ ಮೇಷ್ಟ್ರೊಬ್ಬರು ಮಗಳ ಮದುವೆಗೆಂದು ಪರ್ಸನಲ್ ಲೋನ್ ಕೇಳಲು ಬ್ಯಾಂಕಿಗೆ ಹೋದರು ಎನ್ನಿ. ಕಂಪ್ಯೂಟರ್ ನೋಡಿದ ಹುಡುಗ ಮೆಲ್ಲಗೆ ಹೇಳುತ್ತಾನೆ: "ಸರ್, ನಿಮ್ಮ ಸಿಬಿಲ್ ಮೈನಸ್ ಒಂದು ತೋರಿಸ್ತಿದೆ."

ಊರಿನ ಮಕ್ಕಳಿಗೆಲ್ಲ ಅಂಕ ಹಾಕಿದವರಿಗೆ ಸೊನ್ನೆಯೂ ಸಿಗಲಿಲ್ಲ.

"ನಾನು ಯಾರಿಗೂ ಒಂದು ಪೈಸೆ ಬಾಕಿ ಇಟ್ಟಿಲ್ಲವಲ್ಲಪ್ಪ?"

"ಅದೇ ಸರ್ ಪ್ರಾಬ್ಲಮ್ಮು."

ಸಾಲದ ಚರಿತ್ರೆಗೆ ಅಂಕ ಹಾಕುವ ಈ ಸಿಬಿಲ್ ಲೆಕ್ಕ 300ರಿಂದ 900ರವರೆಗೆ. 750 ದಾಟಿದವರಿಗೆ ಕುರ್ಚಿ, ನೀರು, ಬಡ್ಡಿಯಲ್ಲಿ ಚೂರು ರಿಯಾಯಿತಿ. ಮೂರು ಬ್ಯಾಂಕಿಗೆ ಪಂಗನಾಮ ಹಾಕಿದವನಿಗೂ 300ಕ್ಕಿಂತ ಕಡಿಮೆ ಬರುವಂತಿಲ್ಲ. ಅಷ್ಟು ಮರ್ಯಾದೆ ಅವನಿಗೆ ಉಂಟು. ಸಾಲವನ್ನೇ ಮಾಡದವನಿಗೆ ಆ ಭಾಗ್ಯವೂ ಇಲ್ಲ. ಹಿಂದಿನ ದಾಖಲೆಯಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ವಾಪಸ್ ಕಳಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಬ್ಯಾಂಕುಗಳು ಬಲು ವಿಧೇಯ. ಆ ಕಾರಣ ಹೇಳುವುದನ್ನು ಬಿಟ್ಟು "ಇಂಟರ್ನಲ್ ಪಾಲಿಸಿ ಸರ್" ಎನ್ನಲು ಕಲಿತಿವೆ.

ಪರ್ಸನಲ್ ಲೋನಿಗೆ ಹೊಲ, ಒಡವೆ ಏನನ್ನೂ ಅಡವಿಡಬೇಕಿಲ್ಲ, ನಿಜ. ಅದಕ್ಕೇ ಬ್ಯಾಂಕಿಗೆ ನಿಮ್ಮ ಚರಿತ್ರೆ ಬೇಕು. ಇಲ್ಲದಿದ್ದರೆ ಸೃಷ್ಟಿಸಿಕೊಳ್ಳಿ. ಮನೆಯಲ್ಲಿ ಚೆನ್ನಾಗಿ ಓಡುತ್ತಿರುವ ಮಿಕ್ಸಿ ಮೂಲೆಗಿಟ್ಟು ಹೊಸದನ್ನು ಇಎಂಐನಲ್ಲಿ ತನ್ನಿ. ಕ್ರೆಡಿಟ್ ಕಾರ್ಡ್ ಮಾಡಿಸಿ. ಮಾಡಿಸಿ ಸುಮ್ಮನಿಟ್ಟರೆ ಚರಿತ್ರೆ ಬೆಳೆಯುವುದಿಲ್ಲ, ಪೂರ್ತಿ ಉಜ್ಜಿದರೆ ಸ್ಕೋರ್ ಬೀಳುತ್ತದೆ; ಮಿತಿಯ ಶೇ. 30ರೊಳಗೆ ಉಜ್ಜಿದರೆ ಕ್ಷೇಮ ಎನ್ನುತ್ತಾರೆ ಬಲ್ಲವರು. ದುಡ್ಡು ಬೇಕೇಬೇಕಾದವನು ನಾಲ್ಕು ಬ್ಯಾಂಕಿನ ಬಾಗಿಲು ಬಡಿದನೋ, ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ ದಾಖಲಾಗಿ ಸ್ಕೋರ್ ಇನ್ನಷ್ಟು ಜಾರುತ್ತದೆ. ದುಡ್ಡು ಬೇಡದವನಿಗೆ ಮಾತ್ರ ಮಧ್ಯಾಹ್ನದ ನಿದ್ದೆಯಲ್ಲಿ ಫೋನು: "ನಿಮಗೆ ಹತ್ತು ಲಕ್ಷ ಪ್ರೀ-ಅಪ್ರೂವ್ಡ್!"

ಭಾವಮೈದನ ಲಾರಿ ಸಾಲಕ್ಕೆ ಶೂರಿಟಿ ಹಾಕಿದ ಪುಣ್ಯಾತ್ಮರ ಪಾಡು ಬೇರೆಯೇ. ಲಾರಿ ಅವನದು, ಬಾಡಿಗೆ ಅವನದು, ಕಟ್ಟದ ಕಂತು ಮಾತ್ರ ನಿಮ್ಮ ವರದಿಯಲ್ಲೂ ಹಾಜರು. ದೀಪಾವಳಿಗೆ ಅವನು ಬಂದರೆ ಹೋಳಿಗೆ ಬಡಿಸುವುದು ತಪ್ಪುವುದಿಲ್ಲ.

ವರದಿಯಲ್ಲಿ ಬ್ಯಾಂಕಿನದೋ ಸಿಬಿಲ್‌ನದೋ ತಪ್ಪಿದ್ದರೆ? ದೂರು ಕೊಟ್ಟು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಮ್ಮ ಕಂತು ಒಮ್ಮೆ ಬೌನ್ಸ್ ಆದರೆ ಬ್ಯಾಂಕು ಕೀಳುವ ದಂಡ ಎಷ್ಟೆಂದು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಿ.

ಇನ್ನು ರಾಜಿಯ ವಿಷಯ. ಕೆಲಸ ಹೋಗಿ, ಕಾರ್ಡಿನ ಬಾಕಿಯನ್ನು ಅರ್ಧಕ್ಕೆ ಮಾತಾಡಿ ಮುಗಿಸಿದ ಹುಡುಗನ ವರದಿಯಲ್ಲಿ 'ಸೆಟಲ್ಡ್' ಎಂಬ ಮುದ್ರೆ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಕಂಡ ಮುಂದಿನ ಬ್ಯಾಂಕು ಮುಖ ತಿರುಗಿಸುತ್ತದೆ. ಕೋಟಿಗಟ್ಟಲೆ ಎತ್ತಿ, ಶಕ್ತಿಯಿದ್ದೂ ಕಟ್ಟದ ಉದ್ದೇಶಪೂರ್ವಕ ಸುಸ್ತಿದಾರರೊಂದಿಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಎಂದು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆ ರಾಜಿಗೆ ಬೆಳಗ್ಗೆ ಏಳಕ್ಕೇ ಫೋನು ಮಾಡಿ ಬೈಯುವ ರಿಕವರಿ ಹುಡುಗರು ಬೇಕಿಲ್ಲ. ಏಸಿ ಕೋಣೆ, ಎರಡೂ ಕಡೆ ವಕೀಲರು, ನಡುವೆ ಬ್ಯಾಂಕಿನ ಖರ್ಚಿನಲ್ಲಿ ಹುರಿದ ಗೋಡಂಬಿ.