ಹವ್ಯಾಸಿ ಬಡಗಿ: ಒಂದು ಲಕ್ಷಣವಿಚಾರ

ನಿವೃತ್ತಿಯ ಮರುವಾರ ಉಳಿ ಹಿಡಿದು, ವರ್ಷ ತುಂಬುವುದರೊಳಗೆ ಪ್ಲೈವುಡ್ ಕಂಡರೆ ಮುಖ ಸಿಂಡರಿಸುವಷ್ಟು ಪಳಗುವ ಗೃಹಸ್ಥನನ್ನು ಹವ್ಯಾಸಿ ಬಡಗಿ ಎನ್ನಬಹುದು. ಕಸುಬಿನ ಬಡಗಿಗೂ ಈತನಿಗೂ ಇರುವ ಮುಖ್ಯ ಭೇದವೆಂದರೆ, ಮೊದಲನೆಯವನು ಮೇಜು ಮಾಡಿಕೊಟ್ಟು ಕೂಲಿ ಎಣಿಸಿಕೊಂಡು ಹೊರಡುತ್ತಾನೆ, ಈತ ಮೇಜಿನ ಪಕ್ಕದಲ್ಲೇ ನಿಂತಿರುತ್ತಾನೆ.

ಈ ವರ್ಗದವರು ಮೊದಲು ಕೈಹಾಕುವುದು ಸಾಮಾನ್ಯವಾಗಿ ಶಾನುಭೋಗರ ಡೆಸ್ಕಿಗೆ, ಅಂದರೆ ಚಕ್ಕಳಮಕ್ಕಳ ಹಾಕಿ ಕುಳಿತು ಲೆಕ್ಕ ಬರೆಯಲು ಒದಗುವ, ಇಳಿಜಾರು ಮುಚ್ಚಳವೂ ಮಸಿಕುಡಿಕೆಗೆ ಸಮತಟ್ಟಾದ ಒಂದು ಪಟ್ಟಿಯೂ ಉಳ್ಳ ಗಿಡ್ಡ ಮೇಜಿಗೆ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆದುಹಾಕಿತಾದರೂ ಡೆಸ್ಕಿನ ವಿಷಯದಲ್ಲಿ ಅದು ಏನನ್ನೂ ವಿಧಿಸದ ಕಾರಣ, ಮಂಡಿನೋವಿನಿಂದ ನೆಲಕ್ಕೆ ಕೂರಲಾರದ ಮನುಷ್ಯನೊಬ್ಬ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಅದಕ್ಕೆ ಮರುಹುಟ್ಟು ಕೊಡಲು ಕಾನೂನಿನ ಅಡ್ಡಿಯಿಲ್ಲ. ಹತ್ತರಿಯಿಂದ, ಎಂದರೆ ಮರ ಕೀಸುವ ಸಾಧನದಿಂದ, ಏಳುವ ಸುರುಳಿಗಳು ಒಣಹಾಕಿದ ಬಟ್ಟೆಗೆ ಹತ್ತುವ ಬಗ್ಗೆ ಮನೆಯವರ ಅಭಿಪ್ರಾಯ ಇಲ್ಲಿ ಅಪ್ರಸ್ತುತ.

ನಿಜವಾದ ಸಂಕಟವಿರುವುದು ಪ್ರದರ್ಶನದಲ್ಲಿ. "ಒಂದೇ ಒಂದು ಮೊಳೆಯಿಲ್ಲ, ನೋಡಿ" ಎಂಬುದು ಅದರ ನಾಂದಿ. ಹಲಗೆಯ ತುದಿಯನ್ನು ಪಾರಿವಾಳದ ಬಾಲದಂತೆ ಅಗಲಿಸಿ ಎದುರು ಹಲಗೆಯ ಕಚ್ಚಿಗೆ ಕೂಡಿಸುವ ಜೋಡಣೆಯನ್ನೂ, ಮಳೆಗಾಲದಲ್ಲಿ ತೇಗವು ಎಳೆಗೆ ಅಡ್ಡಲಾಗಿ ಹಿಗ್ಗುವುದರಿಂದ ಮೇಲ್ಹಲಗೆಗೆ ಬಿಟ್ಟ ಸಂದನ್ನೂ ಅತಿಥಿ ಕಣ್ಣಾರೆ ಕಾಣಲೇಬೇಕು, ಮತ್ತು ಡೆಸ್ಕು ಗಿಡ್ಡದಾದ್ದರಿಂದ ಹಾಗೆ ಕಾಣಲು ಆತ ಮೊಬೈಲಿನ ಟಾರ್ಚು ಹಿಡಿದು ನೆಲದ ಮೇಲೆ ಅಂಗಾತ ಮಲಗಲೇಬೇಕು. ಪ್ರಸ್ತುತ ಲೇಖಕ ಹೀಗೆ ಮೂರು ಬಾರಿ ಮಲಗಿದ್ದಾನೆ. ಒಮ್ಮೆ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಎರಡನೆಯ ಬಾರಿ ಏಳುವ ಅವಸರದಲ್ಲಿ ಬಿಸಿ ಕಾಫಿಯ ಲೋಟವನ್ನು ಆ ಮಸಿಕುಡಿಕೆಯ ಪಟ್ಟಿಯ ಮೇಲೆ ಇಟ್ಟುಬಿಟ್ಟದ್ದರಿಂದ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ವಾರಗಟ್ಟಲೆ ತಿಕ್ಕಿ ಬರಿಸಿದ ಹೊಳಪಿನಲ್ಲಿ ಬಿಳಿಯ ಉಂಗುರವೊಂದು ಮೂಡಿತು. ಸ್ಪಿರಿಟ್ಟು ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಹೋಗುವಂಥ ಕಲೆ ಅದು. ಆದರೆ ಈತ ಅದನ್ನು ತೆಗೆದಿಲ್ಲ. ಮೊಳೆಯಿಲ್ಲದ ಜೋಡಣೆಯ ವಿವರಣೆ ಮುಗಿದ ಮೇಲೆ, ಲೇಖಕನ ಹೆಸರು ಸಹಿತ, ಉಂಗುರದ ವಿವರಣೆ ಬರುತ್ತದೆ.

ಇಷ್ಟಾದರೂ ಹೊಗಳಿಕೆ ಈತನಿಗೆ ಒಗ್ಗುವುದಿಲ್ಲವೆಂಬುದು ವಿಚಿತ್ರ. "ಅಂಗಡಿಯದರಂತೆಯೇ ಇದೆ" ಎಂದವರನ್ನು ಅನುಕಂಪದಿಂದ ನೋಡುತ್ತಾನೆ, "ಎಷ್ಟು ಖರ್ಚಾಯಿತು?" ಎಂದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಅರವತ್ತು ದಾಟಿದ ಮೇಲೆ ಹೊಸದಾಗಿ ಶಿಷ್ಯನಾದವನಿಗೆ ತಪ್ಪು ತೋರಿಸುವವರು ಸಿಗುವುದು ಕಷ್ಟ. ಗೆಳೆಯರಿಗೆ ದಾಕ್ಷಿಣ್ಯ, ಮಕ್ಕಳಿಗೆ ಪುರುಸೊತ್ತಿಲ್ಲ.

ಲೇಖಕ ಮೂರನೆಯ ಬಾರಿ ಮಲಗಿದ್ದ ದಿನ ಬಾಗಿಲು ಸರಿಪಡಿಸಲು ಬಂದಿದ್ದ ಕಸುಬಿನ ಬಡಗಿ, ಯಾರೂ ಕರೆಯದೆಯೇ ಬಂದು ಕುಕ್ಕರಗಾಲಿನಲ್ಲಿ ಕುಳಿತು, ಟಾರ್ಚಿನ ಹಂಗಿಲ್ಲದೆ ಡೆಸ್ಕಿನ ಅಡಿಗೆ ಕೈಯಾಡಿಸಿ, ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿ, "ಸಾರ್, ಇಲ್ಲಿ ಕಚ್ಚು ದೊಡ್ಡದಾಯ್ತು, ಚಕ್ಕೆ ತುಂಬಿದ್ದೀರಿ" ಎಂದ. ಮೂರು ಬಾರಿ ಮಲಗಿಯೂ ಲೇಖಕನ ಕಣ್ಣಿಗೆ ಬೀಳದಿದ್ದ ಚಕ್ಕೆ ಅದು. ಮಂಡಿನೋವಿನ ಆ ಮನುಷ್ಯ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತ. ಇಬ್ಬರೂ ಮುಕ್ಕಾಲು ಗಂಟೆ ಡೆಸ್ಕಿನ ಅಡಿಯಲ್ಲೇ ತಲೆಯಿಟ್ಟುಕೊಂಡು ಮಾತಾಡಿದರು. ಬಡಗಿಗೆ ಬಂದ ಕಾಫಿಯ ಲೋಟವನ್ನು ಈತ ತಾನಾಗಿಯೇ ತೆಗೆದು ಡೆಸ್ಕಿನ ಮೇಲಿಟ್ಟ.