ನಡಿಗೆ, ಬೆವರು, ಜಾಕೆಟ್ಟು

ವ್ಯಾಯಾಮದ ನಡುವೆ ಒಮ್ಮೆ ಚಳಿ, ಒಮ್ಮೆ ಸೆಕೆ ಆಗುವುದು ರೋಗವಲ್ಲ, ಲೆಕ್ಕದ ಗೊಂದಲ. ಶಾಖ ಹುಟ್ಟುವುದು ಸ್ನಾಯುಗಳಲ್ಲಿ. ಚಳಿ-ಸೆಕೆಯ ವರದಿ ಒಪ್ಪಿಸುವುದು ಹೆಚ್ಚಾಗಿ ಚರ್ಮ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಚಲನೆಗೆ ಸಲ್ಲುತ್ತದೆ, ಉಳಿದದ್ದು ಬಿಸಿ.

ಮೊದಲ ಹಂತ ಚಳಿಯದು. ನಡಿಗೆ ಶುರುವಾದೊಡನೆ ಚರ್ಮದ ರಕ್ತನಾಳಗಳು ಕುಗ್ಗಿ, ರಕ್ತ ಕಾಲಿನ ಸ್ನಾಯುಗಳತ್ತ ಹರಿಯುತ್ತದೆ. ಸಿಡ್ನಿಯ ವಾಯವ್ಯಕ್ಕೆ, ಕಡಲಿಂದ ದೂರವಿರುವ ಮಾರ್ಸ್ಡನ್ ಪಾರ್ಕಿನಲ್ಲಿ ಚಳಿಗಾಲದ ಜುಲೈ ಬೆಳಗ್ಗೆ ವಾಕಿಂಗ್ ಹೊರಟ ಕನ್ನಡಿಗ ಆಗ ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಏರಿಸುತ್ತಾನೆ. ಊರಿಂದ ಬಂದಿರುವ ಅತ್ತೆಯ ಮಾತಿಗೆ ಕಟ್ಟುಬಿದ್ದು ಮಂಕಿ ಕ್ಯಾಪು ಮೊದಲೇ ಏರಿರುತ್ತದೆ.

ಎರಡನೆಯದು ಸೆಕೆ. ಒಳಗಿನ ಉಷ್ಣ ಏರಿದ್ದನ್ನು ಮೆದುಳಿನ ಹೈಪೊಥಲಾಮಸ್ ಗುರುತಿಸಿ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಜಿಪ್ಪು ಮಂಕಿ ಕ್ಯಾಪಿನ ಉಣ್ಣೆಯನ್ನು ಕಚ್ಚಿಕೊಳ್ಳುವುದು ಈ ಹಂತದಲ್ಲೇ. ಕೆಳಗೆಳೆದರೆ ಟೋಪಿ ಕಣ್ಣಿಗೆ ಇಳಿಯುತ್ತದೆ. ಮೇಲೆಳೆದರೆ ಕತ್ತು ಬಿಗಿಯುತ್ತದೆ. ಎರಡನ್ನೂ ಒಟ್ಟಿಗೆ ತಲೆಯ ಮೇಲಿಂದ ಕಳಚಲು ಹೋದವನ ಎರಡೂ ಕೈ ಆಕಾಶಕ್ಕೆ, ತಲೆ ಜಾಕೆಟ್ಟಿನೊಳಕ್ಕೆ. ಚಡ್ಡಿ-ಬನಿಯನ್ನಿನಲ್ಲಿ ಓಡುತ್ತಾ ಬಂದ ನೆರೆಯವನ 'ಗುಡ್ ಮಾರ್ನಿಂಗ್'ಗೆ ಉತ್ತರ ಒಳಗಿನಿಂದಲೇ ಬರುತ್ತದೆ. ನೆರೆಯವನ ನಾಯಿ ಮಾತ್ರ ಅದನ್ನು ನಂಬುವುದಿಲ್ಲ, ಬೊಗಳುತ್ತದೆ. ಈ ಗುದ್ದಾಟವೂ ವ್ಯಾಯಾಮವೇ ಆದ್ದರಿಂದ ಶಾಖೋತ್ಪಾದನೆ ಇನ್ನಷ್ಟು ಏರುತ್ತದೆ.

ಮೂರನೆಯದು ಮತ್ತೆ ಚಳಿ. ನಿಂತೊಡನೆ ಸ್ನಾಯುಗಳ ಶಾಖ ತಗ್ಗುತ್ತದೆ, ಬೆವರು ನಿಲ್ಲುವುದಿಲ್ಲ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ಅದರ ಬಹುಪಾಲು ಮೈಯಿಂದಲೇ ಹೋಗುತ್ತದೆ. ಒದ್ದೆ ಹತ್ತಿ ಅಂಗಿಯವನನ್ನು ದಾರಿಯಲ್ಲಿ ತಡೆದು ಗೃಹಸಾಲದ ಬಡ್ಡಿದರ ವಿವರಿಸುವ ಪರಿಚಿತರು ಇದನ್ನು ಅರಿಯುವುದಿಲ್ಲ. ಅವರು ಬೆಚ್ಚಗೇ ಇರುತ್ತಾರೆ.

ಬೇಸಿಗೆಯ ನಿಯಮ ಬೇರೆ. ಹತ್ತಿರದ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಯಿತು. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ದಾರಿ ಬೆವರೊಂದೇ. ಅಂಥ ಬಿಸಿಲಲ್ಲಿ ಮೈ ಜುಮ್ಮೆಂದು ಚಳಿಯಾದರೆ, ತಲೆ ಸುತ್ತಿದರೆ ನಡಿಗೆ ನಿಲ್ಲಿಸಿ ನೆರಳು, ನೀರು ಹುಡುಕಬೇಕು. ಮಾತು ತೊದಲಿದರೆ, ಮಂಕು ಕವಿದರೆ ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು. ಸೆಕೆಗೆ ದೇಹ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಒಗ್ಗಿದ್ದು ಕೆಲವೇ ವಾರಗಳಲ್ಲಿ ಕರಗಿಯೂ ಹೋಗುತ್ತದೆ. ಆದ್ದರಿಂದ 'ನಾನು ಬಳ್ಳಾರಿಯವನು' ಎಂಬ ವಾದವನ್ನು ಹೈಪೊಥಲಾಮಸ್ ಪುರಸ್ಕರಿಸುವುದಿಲ್ಲ.